ಓದಕ್ಕನ ಹಳೆಯ ಡ್ರೈವರ್

ನಮ್ಮ ಕಟ್ಟಡದಲ್ಲಿ ನನ್ನಷ್ಟು ಸದ್ದಿಲ್ಲದ ಮನುಷ್ಯ ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ಇದ್ದ ಸಂಗತಿ. ನಾನು ನಡೆದರೆ ನೆಲಕ್ಕೆ ಗೊತ್ತಾಗುವುದಿಲ್ಲ. ಈ ಬೀದಿಯ ಬೆಕ್ಕುಗಳು ತಮ್ಮ ಮರಿಗಳನ್ನು ನಡಿಗೆ ಕಲಿಯಲೆಂದು ನನ್ನ ಬಾಗಿಲಿಗೇ ಕಳಿಸುತ್ತವೆ. ಒಮ್ಮೆ ಒಬ್ಬ ಕಳ್ಳ ಮನೆಗೆ ನುಗ್ಗಿ, ಅರ್ಧ ದಿನ ಆರಾಮಾಗಿ ತಡಕಾಡಿದ. ನಾನು ಅದೇ ಕೋಣೆಯ ಕುರ್ಚಿಯಲ್ಲಿ ಕೂತಿದ್ದು ಕೊನೆಯವರೆಗೂ ಅವನಿಗೆ ತಿಳಿಯಲಿಲ್ಲ. ಪಾಪ, ಯಾರೂ ವಾಸವಿಲ್ಲದ ಮನೆ ಎಂದು ಬೇಜಾರು ಮಾಡಿಕೊಂಡು, ಹೋಗುವಾಗ ಬಾಗಿಲು ಮುಂದೆ ಮಾಡಿ ಹೋದ.

ನಾನು ಕೆಲಸ ಮಾಡಿದ್ದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ. ಆ ಬಾಯ್ಲರಿನ ಪಕ್ಕದಲ್ಲಿ ಸಿಡಿಲು ಬಿದ್ದರೂ 'ಯಾರೋ ಕರೆದ ಹಾಗಾಯ್ತಲ್ಲ' ಎಂದು ತಿರುಗಿ ನೋಡಬೇಕು, ಅಷ್ಟು ಅಬ್ಬರ. ಅದರಿಂದ ನನ್ನ ಕಿವಿ ಮಂದವಾಗಿದೆ ಎಂದು ಡಾಕ್ಟರು ಹೇಳುತ್ತಾರೆ. ಅವರು ಇನ್ನೂ ಏನೇನೋ ಹೇಳುತ್ತಾರೆ, ನನಗೆ ಕೇಳಿಸುವುದಿಲ್ಲ. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಕಟ್ಟಡದವರಿಗೆ ನಾನು ಬಾಯ್ಲರಣ್ಣನೇ. ಹೆಂಡತಿ ತೀರಿಕೊಂಡ ಮೇಲೆ ಮೇಲಿನ ಮಹಡಿಯಲ್ಲಿ ನಾನೊಬ್ಬ. ನನ್ನ ಕಾಲಡಿಯ ಮನೆಯಲ್ಲಿ ಓದಕ್ಕ ಒಬ್ಬರೇ.

ಓದಕ್ಕ ಮೊದಲು ಬಸ್ ನಿಲ್ದಾಣದಲ್ಲಿ ಕೆಲಸಕ್ಕಿದ್ದರು. ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾರ ಮಗು ಯಾರ ಕೈತಪ್ಪಿ ಅಳುತ್ತಿದೆ ಎಂದು ಮೈಕಿನಲ್ಲಿ ಹೇಳುವ ಕೆಲಸ. ಅವರ ಧ್ವನಿ ಎಂಥದೆಂದರೆ, ಬಸ್ಸು ಹತ್ತಿ ಕೂತವರು ಇನ್ನೊಂದು ಸಲ ಸರಿಯಾಗಿ ಕೇಳೋಣವೆಂದು ಇಳಿದು ಬಂದು, ಬಸ್ಸು ತಪ್ಪಿಸಿಕೊಂಡು, ಸಂತೋಷವಾಗಿ ಮನೆಗೆ ಹೋಗುತ್ತಿದ್ದರು. ಒಂದು ದಿನ ಮೇಲಧಿಕಾರಿಗಳು ಬಂದರು. ಊರುಗಳ ಹೆಸರು, ಅಂಕಿಗಳು, 'ಹೊರಡಲು ಸಿದ್ಧವಾಗಿದೆ', 'ತಡವಾಗಿ ಬರಲಿದೆ', 'ದಯವಿಟ್ಟು' ಎಲ್ಲವನ್ನೂ ಅವರ ಬಾಯಿಂದ ಬಿಡಿಬಿಡಿಯಾಗಿ ಹೇಳಿಸಿ ಹಿಡಿದಿಟ್ಟುಕೊಂಡರು. ಆಮೇಲೆ ಒಂದು ಹೂಗುಚ್ಛ ಕೊಟ್ಟು ಅವರನ್ನು ಮನೆಗೆ ಕಳಿಸಿದರು. ಆ ಚೂರುಗಳನ್ನು ಜೋಡಿಸಿಕೊಂಡು ಯಂತ್ರವೇ ಹೇಳತೊಡಗಿತು. ಓದಕ್ಕ ಮನೆಯಲ್ಲಿ ಕೂತರು, ಅವರ ಧ್ವನಿ ಮಾತ್ರ ದಿನಾ ಕೆಲಸಕ್ಕೆ ಹೋಗುತ್ತಿತ್ತು.

ಎಲ್ಲಿಗೂ ಹೊರಡುವುದಿಲ್ಲದಿದ್ದರೂ ಓದಕ್ಕ ಆಗಾಗ ನಿಲ್ದಾಣಕ್ಕೆ ಹೋಗಿ, ಬೆಂಚಿನ ಮೇಲೆ ಕೂತು, ತಮ್ಮನ್ನು ತಾವೇ ಕೇಳಿಸಿಕೊಂಡು ಬರುತ್ತಿದ್ದರು. ನಿಮ್ಮ ಸಾಮಾನು ಜೋಪಾನ ಎಂದು ಅವರ ಹರೆಯದ ಧ್ವನಿ ಅವರಿಗೇ ಹೇಳುತ್ತಿತ್ತು. ಹೋದ ವರ್ಷ ಅದನ್ನೂ ತೆಗೆದು, ಯಾವ ಮನುಷ್ಯರ ಬಾಯಿಂದಲೂ ಹುಟ್ಟದ ಹೊಸದೊಂದು ಧ್ವನಿ ಹಾಕಿದ್ದಾರೆ. ಓದಕ್ಕ ಈಗ ಆ ಕಡೆ ಹಾಯುವುದಿಲ್ಲ.

ಅವರಿಗೆ ಉಳಿದಿರುವುದು ಓದುವ ಕೆಲಸ. ಕಣ್ಣು ಕಾಣದವರಿಗಾಗಿ ಒಂದು ಧ್ವನಿ ಗ್ರಂಥಾಲಯವಿದೆ. ಅಲ್ಲಿಯವರು ಪುಸ್ತಕ ಕಳಿಸುತ್ತಾರೆ, ಇವರು ಓದಿ ಕಂಪ್ಯೂಟರಿನಲ್ಲಿ ಧ್ವನಿ ಹಿಡಿದು ಕಳಿಸುತ್ತಾರೆ. ಅಡುಗೆಮನೆಯ ಪಕ್ಕದಲ್ಲಿ ಸಾಮಾನು ಹಾಕುವ ಕೋಣೆಯೊಂದಿತ್ತು. ಅದರ ಗೋಡೆಗೆಲ್ಲ ಹಳೆಯ ಹೊದಿಕೆಗಳನ್ನು ಮೊಳೆ ಹೊಡೆದು ತೂಗುಹಾಕಿದ್ದಾರೆ. ನಡುವೆ ಒಂದು ಮೇಜು, ಮೈಕು, ಮುದಿ ಕಂಪ್ಯೂಟರು, ಅದರ ಕಿವಿಯಂತೆ ಜೋತುಬಿದ್ದ ಹೆಡ್‌ಫೋನು. ಓದುವಾಗ ತಪ್ಪಿದರೆ ಓದಕ್ಕ ಎರಡು ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿಂದ ಓದುತ್ತಾರೆ. ಚಪ್ಪಾಳೆ ಬಿದ್ದಲ್ಲಿ ಪರದೆಯ ಮೇಲೆ ಎರಡು ಮೊಳೆ ಎದ್ದಂತೆ ಕಾಣುತ್ತದಂತೆ. ಗ್ರಂಥಾಲಯದಲ್ಲಿ ಕೂತ ಕತ್ತರಿ ಮೇಡಂ ಆ ಗುರುತು ಹಿಡಿದು ತಪ್ಪನ್ನು ಕತ್ತರಿಸಿ ಎಸೆಯುತ್ತಾರೆ. ಕತ್ತರಿ ಮೇಡಂ ಎನ್ನುವುದು ಓದಕ್ಕ ಇಟ್ಟ ಹೆಸರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ದಿನವಿಡೀ ಮಾತಾಡುವ ಹೆಂಗಸು, ಆದರೆ ಅದರಲ್ಲಿ ಅವರದೊಂದೂ ಮಾತಿಲ್ಲ. ರಾಜಕುಮಾರಿಯರ ಪ್ರೇಮ, ಕಡಲುಗಳ್ಳರ ಜಗಳ, ತಾಯಂದಿರ ಶಾಪ ಎಲ್ಲ ಅವರ ಬಾಯಲ್ಲಿ ಬಂದುಹೋಗುತ್ತವೆ. ಪುಸ್ತಕ ಮುಚ್ಚಿದರೆ ಮನೆಯಲ್ಲಿ ಮೌನ. ಆ ಮೌನ ಎಷ್ಟು ದಪ್ಪವೆಂದರೆ ಕತ್ತರಿಸಿ ದಿಂಬಿಗೆ ತುಂಬಬಹುದು. ಹಾಲು ಕೂಡ ಅಲ್ಲಿ ನೆರೆಯವರಿಗೆ ತೊಂದರೆಯಾಗದಂತೆ ಉಕ್ಕುತ್ತದೆ.

ಇಂಥ ಓದಕ್ಕ ಒಂದು ಬೆಳಿಗ್ಗೆ ನನ್ನ ಬಾಗಿಲು ತಟ್ಟಿದರು.

"ಬಾಯ್ಲರಣ್ಣ, ಒಂದು ಮಾತು ಕೇಳ್ಬೇಕಿತ್ತು. ಚೆನ್ನಾಗಿ ನಡೀತಿರೋದನ್ನ ಬದಲಾಯಿಸ್ಬೇಕಾ, ಬೇಡ್ವಾ?"

"ಗಂಡನ್ನೋ, ಯಂತ್ರಾನೋ?"

"ಯಂತ್ರ ಅಣ್ಣ. ಗಂಡ ಬದಲಾಯಿಸೋಕೆ ಮೊದಲು ಒಬ್ಬ ಇರ್ಬೇಕಲ್ಲ."

"ಯಂತ್ರ ಆದ್ರೆ ಒಳಗೆ ಬನ್ನಿ. ಆ ವಿಷಯದಲ್ಲಿ ನನ್ನ ಬಿಟ್ರೆ ಇಲ್ಲ."

ವಿಷಯ ಇಷ್ಟು. ಕಂಪ್ಯೂಟರಿನ ಒಳಗೆ ಒಂದೊಂದು ಸಾಧನಕ್ಕೂ ಒಂದೊಂದು ಡ್ರೈವರ್ ಇರುತ್ತದೆ. ಡ್ರೈವರ್ ಅಂದರೆ ಆ ಸಾಧನಕ್ಕೂ ಕಂಪ್ಯೂಟರಿಗೂ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುವ ಕಣ್ಣಿಗೆ ಕಾಣದ ಮಧ್ಯಸ್ಥ. ಓದಕ್ಕನ ಮೈಕಿನ ಧ್ವನಿ ನೋಡಿಕೊಳ್ಳುವ ಡ್ರೈವರ್ ಹಳೆಯದು. ದಿನಾ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ತಲೆ ಎತ್ತಿ, ಹೊಸ ಡ್ರೈವರ್ ಬಂದಿದೆ, ಈಗ ಹಾಕಿಕೊಳ್ಳುತ್ತೀರಾ, ಆಮೇಲೆ ನೆನಪಿಸಲೇ ಎಂದು ಕೇಳುತ್ತದೆ. ಓದಕ್ಕ 'ಆಮೇಲೆ' ಒತ್ತುತ್ತಾರೆ. ಮರುದಿನ ಮತ್ತೆ ಕೇಳುತ್ತದೆ, ಇವರು ಮತ್ತೆ ಒತ್ತುತ್ತಾರೆ. ಈ ವ್ಯವಹಾರ ಎಷ್ಟು ಕಾಲದಿಂದ ನಡೆದಿದೆಯೆಂದರೆ ಮೌಸಿನ ಎಡಗಿವಿ ಸವೆದು ಬೋಳಾಗಿದೆ.

"ನಡೆದಷ್ಟು ದಿನ ನಡೀಲಿ ಬಿಡಿ. ಯಾಕೆ ಈಗ ಯೋಚನೆ?" ಎಂದೆ.

"ಕತ್ತರಿ ಮೇಡಂ ಫೋನ್ ಮಾಡಿದ್ರು. ಕಡಲಿನ ಮೇಲೆ ಒಂದು ದೊಡ್ಡ ಕಾದಂಬರಿ ಇದೆ ಅಂತ ಹೇಳ್ತಿದ್ನಲ್ಲ, ಮೂರು ಸಂಪುಟದ್ದು? ಅದು ಓದೋಕೆ ಬಂದಿದೆ. ನನಗೇ ಕೊಡ್ಬೇಕು ಅಂತ ಅವರಿಗೂ ಆಸೆ. ಆದ್ರೆ ನನ್ನ ಧ್ವನಿ ಹಿಂದೆ ಸದ್ದು ಜಾಸ್ತಿ ಅಂತೆ. ಹೊಸ ಡ್ರೈವರ್ ಹಾಕಿದ್ರೆ ಅದು ಸುತ್ತಲಿನ ಸದ್ದನ್ನೆಲ್ಲ ತಾನೇ ಒರೆಸಿಹಾಕುತ್ತಂತೆ. ಹಾಕ್ಕೊಳ್ಳದಿದ್ರೆ ಪುಸ್ತಕ ಬೇರೆಯವರ ಪಾಲು."

ಆ ಕಾದಂಬರಿಯ ಆಸೆ ನನಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಅದರ ಮಾತು. ಹರೆಯದಲ್ಲಿ ಎರಡು ಸಂಪುಟ ಓದಿದ್ದರಂತೆ. ಮೂರನೆಯದು ಎಲ್ಲೂ ಸಿಕ್ಕಿರಲಿಲ್ಲ. ಹಡಗು ದಡ ಸೇರಿತೋ ಇಲ್ಲವೋ ಎಂಬ ಚಿಂತೆ ಹೊತ್ತುಕೊಂಡೇ ಅವರ ಕೂದಲು ನರೆತಿದ್ದು.

"ಮತ್ತಿನ್ನೇನು, ಒತ್ತಿಬಿಡಿ."

"ಭಯ ಅಣ್ಣ. ಇರೋದು ಚೆನ್ನಾಗಿದೆ. ಹೊಸದು ಹಾಕಿ ಮೈಕೇ ಮೂಗಾದ್ರೆ ನಾನು ಯಾರನ್ನ ಕರೀಲಿ?" ಓದಕ್ಕ ನಾನು ಕೊಟ್ಟ ಟೀ ಲೋಟವನ್ನೇ ನೋಡುತ್ತಿದ್ದರು. "ಅಪ್‌ಡೇಟ್ ಅಂದ್ರೆ ನನಗೆ ಆಗಲ್ಲ. ನನ್ನನ್ನೂ ಒಂದ್ಸಲ ಮಾಡಿದ್ರು. ನಾನೂ ಆಗ ಚೆನ್ನಾಗೇ ಕೆಲಸ ಮಾಡ್ತಿದ್ದೆ."

ನಾನು ಮಾತು ತಿರುಗಿಸಿದೆ. "ಅದಿರ್ಲಿ, ಸದ್ದು ಅಂದ್ರಲ್ಲ, ಎಂಥ ಸದ್ದು? ಯಾರದು?"

"ಏನೋ... ಕಟ್ಟಡ ಅಂದ್ಮೇಲೆ ಇರುತ್ತೆ ಬಿಡಿ."

"ಬಿಡೋದೇನು? ಕೆಳಗಡೆ ಆ ಕ್ಷೌರದಂಗಡಿಯವನು ರೇಡಿಯೋ ಹಾಕ್ತಾನೆ. ಪಕ್ಕದ ಮನೆಯವರು ಬಾಗಿಲು ಹಾಕಿದ್ರೆ ಭೂಕಂಪ ಅಂತ ಜನ ಬೀದಿಗೆ ಓಡ್ತಾರೆ. ಹೇಳಿ ಯಾರು ಅಂತ, ಈಗ್ಲೇ ಹೋಗಿ ಮುಖದ ನೀರಿಳಿಸಿ ಬರ್ತೀನಿ. ನನ್ನ ನೋಡಿ ಕಲೀಲಿ."

ಓದಕ್ಕ ಟೀ ಗಂಟಲಿಗೆ ಸಿಕ್ಕಿದವರಂತೆ ಕೆಮ್ಮಿದರು. "ಬೇಡ ಅಣ್ಣ, ಯಾರಿಗೂ ನೋವು ಮಾಡೋದು ಬೇಡ. ನೀವು ಬಂದು ಪಕ್ಕದಲ್ಲಿ ಕೂತ್ಕೊಳ್ಳಿ. ಒತ್ತೇಬಿಡ್ತೀನಿ."

ಇಬ್ಬರೂ ಕೆಳಗಿಳಿದು ಆ ಹೊದಿಕೆಯ ಕೋಣೆಯಲ್ಲಿ ಕೂತೆವು. ಓದಕ್ಕ ಒಮ್ಮೆ ಕಣ್ಣು ಮುಚ್ಚಿ 'ಈಗ' ಒತ್ತಿದರು. ಹಸಿರು ಪಟ್ಟಿಯೊಂದು ತೆವಳತೊಡಗಿತು. ಅದು ಆ ತುದಿ ಮುಟ್ಟುವುದರೊಳಗೆ ನಾನು ಎರಡು ಸಲ ಮುದುಕನಾದೆ. ಕಂಪ್ಯೂಟರ್ ತಾನಾಗಿ ಸತ್ತು ತಾನಾಗಿ ಹುಟ್ಟಿತು. ಓದಕ್ಕ ಮೈಕನ್ನು ಸರಿಮಾಡಿಕೊಂಡು, ಕೈಗೆ ಸಿಕ್ಕ ಪುಸ್ತಕದ ನಾಲ್ಕು ಸಾಲು ಓದಿ, ಹೆಡ್‌ಫೋನನ್ನು ನನ್ನ ತಲೆಗೆ ಹಾಕಿ, ನನ್ನ ಕಿವಿಗೆ ತಕ್ಕಂತೆ ಧ್ವನಿಯನ್ನು ತುತ್ತತುದಿಗೆ ಏರಿಸಿದರು.

ಕೇಳಿಸಿತು. ಎಂಥ ಶುದ್ಧ! ಓದಕ್ಕನ ಧ್ವನಿಯನ್ನು ತೊಳೆದು, ಹಿಂಡಿ, ಇಸ್ತ್ರಿ ಮಾಡಿ ಮಡಚಿಟ್ಟಂತಿತ್ತು. ಅದರ ಹಿಂದೆ ಒಂದು ಉಸಿರೂ ಇಲ್ಲ.

"ಗೆದ್ರಿ ಓದಕ್ಕ!" ಎಂದೆ. "ಮೊದಲು ಹೇಗಿತ್ತು, ಅದನ್ನೂ ಹಾಕಿ ನೋಡೋಣ."

"ಅದು ಯಾಕೆ ಈಗ, ಬಿಡಿ."

"ಹಾಕ್ರೀ. ಹೋಲಿಸಿ ನೋಡದೆ ಯಂತ್ರದ ಬಗ್ಗೆ ತೀರ್ಪು ಕೊಡೋನಲ್ಲ ನಾನು."

ವಿಧಿಯಿಲ್ಲದೆ ಅವರು ಹಳೆಯ ಪುಸ್ತಕವೊಂದನ್ನು ಹಾಕಿದರು. ಯಾವುದೋ ಕತೆಯಲ್ಲಿ ತಾಯಿ ಸಾಯುವ ಸಂದರ್ಭ. "ಅವಳು ಕೊನೆಯ ಉಸಿರೆಳೆದಳು," ಎಂದು ಓದಕ್ಕನ ಧ್ವನಿ ಮೆಲ್ಲನೆ ಹೇಳಿತು. "ಮನೆಯಲ್ಲಿ ಎಂಥ ಮೌನವೆಂದರೆ, ಸೂಜಿ ಬಿದ್ದರೂ..."

ಧಡ್!

ಗಾಬರಿಯಿಂದ ನಾನು ಹೆಡ್‌ಫೋನ್ ಹಿಡಿದುಕೊಂಡೆ. ಸೂಜಿಯಲ್ಲ, ಒಂದು ರೈಲು ಡಬ್ಬಿ ಬಿದ್ದ ಹಾಗಿತ್ತು. ಹಿಂದೆಯೇ ತಗಡಿನ ಮೇಲೆ ನೇಗಿಲು ಎಳೆದಂತೆ ಕರ್‌ರ್‌ರ್ ಎಂದು ಏನೋ ಸರಿಯಿತು. ಆಮೇಲೆ ಕೆಮ್ಮು. ಕೆಮ್ಮೆಂದರೆ ಕೆಮ್ಮಲ್ಲ, ಒಂದು ಸೈನ್ಯ ಸೇತುವೆ ದಾಟುತ್ತಿತ್ತು. ಕೊನೆಗೆ ಒಂದು ಸೀನು. ಸತ್ತುಹೋದ ಆ ತಾಯಿ ಎದ್ದು ಕೂರದೆ ಇದ್ದದ್ದು ಆಶ್ಚರ್ಯ.

"ಯಾರ್ರೀ ಇದು ಎಮ್ಮೆ? ಸಾವಿನ ಮನೇಲಿ ಕುಣೀತಿದೆ!"

ಓದಕ್ಕ ತಲೆ ಎತ್ತಿ ಚಾವಣಿಯನ್ನು ನೋಡಿದರು. ನಾನೂ ನೋಡಿದೆ. ಅಲ್ಲಿ ಬಣ್ಣ ಉದುರಿ ಒಂದು ಮಚ್ಚೆಯಾಗಿತ್ತು. ಅದರ ನೇರ ಮೇಲೆ ಯಾವ ಮನೆಯ ಯಾವ ಕುರ್ಚಿ ಇದೆ ಎಂದು ಲೆಕ್ಕ ಹಾಕಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಮೊದ್ಲೇ ಹೇಳ್ಬಾರ್ದಿತ್ತಾ?" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಏನಂತ ಹೇಳ್ಲಿ? ಕೆಮ್ಮಬೇಡಿ ಅಂತಾನಾ?"

ಅವತ್ತಿನಿಂದ ನಾನು ನಿಜವಾಗಿ ಸದ್ದಿಲ್ಲದ ಮನುಷ್ಯನಾದೆ. ಕುರ್ಚಿಯ ನಾಲ್ಕು ಕಾಲಿಗೂ ಹಳೆಯ ಪಂಚೆಯ ಚೂರು ಸುತ್ತಿ ಕಟ್ಟಿದೆ. ಚಪ್ಪಲಿ ಬಿಟ್ಟೆ. ಸೀನು ಬಂದರೆ ಬೀರುವಿನೊಳಗೆ ತಲೆ ತೂರಿಸಿ, ದಿಂಬಿಗೆ ಮುಖ ಒತ್ತಿ, ಸೀನಿಗೆ ಕೈಮುಗಿದು ವಾಪಸ್ ಕಳಿಸುತ್ತಿದ್ದೆ. ಹೊಸ ಡ್ರೈವರ್ ಎಲ್ಲ ಒರೆಸಿಹಾಕುತ್ತದೆ, ಅಷ್ಟೆಲ್ಲ ಬೇಕಿರಲಿಲ್ಲ, ಗೊತ್ತು. ಮರ್ಯಾದೆಯನ್ನು ಒರೆಸಿ ಸರಿಮಾಡುವ ಡ್ರೈವರ್ ಇನ್ನೂ ಬಂದಿಲ್ಲವಲ್ಲ.

ಒಂದು ವಿಚಿತ್ರ ಆಗ ಗಮನಕ್ಕೆ ಬಂತು. ನನ್ನ ಸದ್ದು ಕಿವಿಗೆ ಕೇಳಿಸದಿದ್ದರೂ ಅಂಗಾಲಿಗೆ, ಎದೆಗೂಡಿಗೆ ತಿಳಿಯುತ್ತಿತ್ತು ಎಂದು ಕಾಣುತ್ತದೆ. ಅದು ನಿಂತ ಮೇಲೆ ಮನೆ ಬೇರೆಯಾಯಿತು. ಗೋಡೆಗಳು ಒಂದೊಂದು ಗೇಣು ಹಿಂದೆ ಸರಿದಂತೆ. ಹೆಂಡತಿ ಹೋದಾಗಲೂ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಬಟ್ಟೆ ಸುತ್ತಿದ ಕುರ್ಚಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ಎದುರು ಕಟ್ಟಡದ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು, ತೆಗೆಯುತ್ತಿದ್ದಳು. ಅಷ್ಟರಲ್ಲಿ ದಿನ ಮುಗಿಯುತ್ತಿತ್ತು.

ಒಮ್ಮೆ ಮೆಟ್ಟಿಲ ಮೇಲೆ ಓದಕ್ಕ ಎದುರಾದರು. ಕೈಯಲ್ಲಿ ಒಂದೇ ಒಂದು ಬ್ರೆಡ್ಡಿನ ಪೊಟ್ಟಣ.

"ಹಡಗು ಎಲ್ಲೀವರೆಗೆ ಬಂತು?" ಎಂದೆ.

"ಮೊದಲ ಸಂಪುಟ ನಡೀತಿದೆ."

"ಹೊಸ ಡ್ರೈವರ್?"

"ಚೆನ್ನಾಗಿದೆ." ಒಂದು ಮೆಟ್ಟಿಲು ಹತ್ತಿ ನಿಂತರು. "ತುಂಬಾ ಚೆನ್ನಾಗಿದೆ ಅಣ್ಣ. ಓದಿದ್ದನ್ನ ಕೇಳಿದ್ರೆ ಅಲ್ಲಿ ನನ್ನ ಮನೆ ಇಲ್ಲ, ಬೀದಿ ಇಲ್ಲ. ಸತ್ತಮೇಲೆ ಎಲ್ಲೋ ಮೇಲೆ ಕೂತು ಓದ್ತಿದ್ದೀನೇನೋ ಅನ್ಸುತ್ತೆ. ಇನ್ನೊಂದು, ನಗ್ಬೇಡಿ. ಬೆಳಿಗ್ಗೆ ಆ ಚೌಕ ಈಗ ಬರಲ್ಲ. ದಿನಾ ನನ್ನನ್ನ ಏನಾದ್ರೂ ಒಂದು ಕೇಳ್ತಿದ್ದಿದ್ದು ಅದೊಂದೇ."

ನಾನು ನಗಲಿಲ್ಲ. ನನಗೆ ದಿನಾ ಏನಾದರೂ ಕೇಳುವ ಚೌಕವೂ ಇರಲಿಲ್ಲ.

ಇದಾದ ಕೆಲವು ದಿನಕ್ಕೆ, ಮಧ್ಯಾಹ್ನ, ನನ್ನ ಬಾಗಿಲನ್ನು ಯಾರೋ ದಬದಬ ಬಡಿದರು. ತೆರೆದರೆ ಓದಕ್ಕ. ಏದುಸಿರು, ಕೈಯಲ್ಲಿ ಫೋನು, ಫೋನಿನಲ್ಲಿ ಯಾರೋ ಗಟ್ಟಿಯಾಗಿ ಮಾತಾಡುತ್ತಿದ್ದರು.

"ಇದ್ದಾರೆ ಅಜ್ಜಿ, ಇಲ್ಲೇ ಇದ್ದಾರೆ, ಬದುಕಿದ್ದಾರೆ!" ಎಂದು ಓದಕ್ಕ ಫೋನಿಗೆ ಹೇಳಿ, ನನ್ನ ಕಡೆ ತಿರುಗಿ, "ನನ್ನ ಪುಸ್ತಕ ಕೇಳೋ ಅಜ್ಜಿ ಇವರು. ಕುರ್ಚಿಗೆ ಬೆತ್ತ ಹೆಣೀತಾರೆ. ಕಣ್ಣಿಲ್ಲ. ಗ್ರಂಥಾಲಯದವರ ತಲೆ ತಿಂದು ನನ್ನ ನಂಬರ್ ಇಸ್ಕೊಂಡಿದ್ದಾರೆ," ಎಂದರು.

"ಯಾವ ಅಜ್ಜಿ? ನನ್ನ ಹತ್ರ ಏನು?"

"ನೀವು ಸತ್ತುಹೋದ್ರಾ ಅಂತ ಕೇಳೋಕೆ ಫೋನ್ ಮಾಡಿದ್ದಾರೆ."

ಫೋನಿನಿಂದ ಅಜ್ಜಿಯ ದನಿ ನನಗೂ ಕೇಳಿಸುವಷ್ಟು ಜೋರಾಗಿ ಬಂತು. "ಮೇಲ್ಗಡೆ ಮನೆಯವ್ರೇನಪ್ಪಾ? ನಿಮ್ಮನ್ನ ಎಷ್ಟು ಪುಸ್ತಕದಿಂದ ಕೇಳ್ತಿದ್ದೀನಿ ಗೊತ್ತಾ? ಮೊದಲನೇ ಪುಸ್ತಕದಲ್ಲಿ ನೀವು ಆ ಕತೇಲಿ ಬರೋ ಮಾವ ಅಂದ್ಕೊಂಡೆ. ಮಾವನಿಗೆ ಕ್ಷಯ ಇತ್ತು, ಕೆಮ್ಮು ಹೊಂದಿಕೆ ಆಗಿತ್ತು. ಎರಡನೇ ಪುಸ್ತಕದಲ್ಲೂ ಬಂದ್ರಿ. ಮೂರನೇದು ಹಿಮ ಬೀಳೋ ದೇಶದ ರಾಜರ ಕತೆ, ಅಲ್ಲೂ ಅರಮನೇಲಿ ಬಂದು ಕೆಮ್ಮಿದ್ರಿ. ಈ ಕತೆ ಬರೆಯೋರೆಲ್ಲ ಒಬ್ಬನೇ ಮುದುಕನ ಹಿಂದೆ ಬಿದ್ದಿದ್ದಾರಲ್ಲ ಅಂತ ಆಶ್ಚರ್ಯ ಆಯ್ತು. ಆಮೇಲೆ ಗೊತ್ತಾಯ್ತು, ನೀವು ಕತೆಯವರಲ್ಲ, ಮನೆಯವರು ಅಂತ."

ಅಷ್ಟು ಜನ ದೊಡ್ಡ ಬರಹಗಾರರ ಕೃತಿಗಳಲ್ಲಿ ಪಾತ್ರ ಮಾಡಿದವನೆಂದು ತಿಳಿದು ನಾನು ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತೆ.

"ಈ ಕಡಲಿನ ಪುಸ್ತಕ ಅಧ್ಯಾಯ ಅಧ್ಯಾಯವಾಗಿ ಬರ್ತಿದೆ, ಅದ್ರಲ್ಲಿ ನೀವೇ ಇಲ್ಲ," ಎಂದು ಅಜ್ಜಿ ಮುಂದುವರಿಸಿದರು. "ಟೀ ಕೆಟ್ಲು ಕೂಗಲ್ಲ, ಮೆಟ್ಟಿಲ ಮೇಲೆ ಯಾರೂ ಓಡಾಡಲ್ಲ. ಅಮ್ಮ ಒಬ್ಬರೇ ಓದ್ತಿದ್ದಾರೆ, ಸುತ್ತ ಏನೂ ಇಲ್ಲ. ಹೋಗ್ಬಿಟ್ರು ಅಂದ್ಕೊಂಡೆ. ನಿಜವಾಗ್ಲೂ ಅವರೇನಾ ನೀವು? ಎಲ್ಲಿ, ಕೆಮ್ಮಿ ನೋಡೋಣ."

ಓದಕ್ಕ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ಬದುಕೆಲ್ಲ ಬೇಡವೆಂದರೂ ಬಂದ ಕೆಮ್ಮು, ಬೇಕೆಂದಾಗ ಬರಲಿಲ್ಲ. ಕೋಳಿಮರಿ ಆಕಳಿಸಿದಂತೆ ಏನೋ ಬಂತು.

"ಇವರಲ್ಲ," ಎಂದರು ಅಜ್ಜಿ ಖಡಾಖಂಡಿತವಾಗಿ. "ಯಾರನ್ನೋ ಕರ್ಕೊಂಡು ಬಂದಿದ್ದೀರಿ. ನನಗೆ ಸಮಾಧಾನ ಮಾಡೋಕೆ ಸುಳ್ಳು ಹೇಳ್ಬೇಡಿ ಅಮ್ಮ."

"ಅಣ್ಣ, ಕುರ್ಚಿ!" ಎಂದರು ಓದಕ್ಕ.

ನಾನು ಕುರ್ಚಿಯನ್ನು ಮಗುಚಿ, ಕಾಲಿಗೆ ಸುತ್ತಿದ ಬಟ್ಟೆಗಳನ್ನೆಲ್ಲ ಹರಿದು ಕಿತ್ತು, ನೆಟ್ಟಗೆ ನಿಲ್ಲಿಸಿ, ಕೋಣೆಯ ಈ ಕಡೆಯಿಂದ ಆ ಕಡೆಯವರೆಗೆ ಎಳೆದೆ. ಅಂಗಾಲಿನಿಂದ ನೆತ್ತಿಯವರೆಗೆ ಆ ಸದ್ದು ಹತ್ತಿತು. ಕಳೆದುಹೋದ ಬಂಧು ಬಾಗಿಲಿಗೆ ಬಂದ ಹಾಗಾಯಿತು.

ಓದಕ್ಕ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದರು.

"ಹಾಂ. ಇದೇ," ಎಂದರು ಅಜ್ಜಿ, ದನಿ ತಗ್ಗಿಸಿ. "ಇದೇ ಕುರ್ಚಿ. ಹಿಂದಿನ ಒಂದು ಕಾಲು ಸಡಿಲ ಆಗಿದೆ ಅಪ್ಪ, ಎಷ್ಟೋ ಪುಸ್ತಕದಿಂದ ಹೇಳ್ಬೇಕು ಅಂತಿದ್ದೆ. ಬೀಳ್ತೀರಾ, ಹುಷಾರು."

"ಸರಿಮಾಡಿಸ್ತೀನಿ ಅಜ್ಜಿ."

"ಬೇಗ ಮಾಡಿಸ್ಬೇಡಿ. ಗುರುತು ಹೋಗ್ಬಿಡುತ್ತೆ." ಹಿಂದೆಯೇ, "ನನ್ನ ಮನೇಲಿ ಯಾರೂ ಇಲ್ಲ ನೋಡಿ. ಪುಸ್ತಕ ಹಾಕಿದ್ರೆ ನಿಮ್ಮ ಮನೆ ಬರ್ತಿತ್ತು. ಅಲ್ಲಿ ಕೆಟ್ಲು ಕೂಗಿದಾಗ ಇಲ್ಲಿ ನಾನೂ ಎದ್ದು ಟೀ ಇಟ್ಕೋತಿದ್ದೆ. ಈಗ ಯಾವಾಗ ಏಳ್ಬೇಕು ಅಂತಾನೇ ಗೊತ್ತಾಗಲ್ಲ. ಬೆತ್ತ ಹಿಡ್ಕೊಂಡು ಕೂತೇ ಇರ್ತೀನಿ. ಆಯ್ತಮ್ಮ, ಬದುಕಿದ್ದಾರಲ್ಲ, ಅಷ್ಟು ಸಾಕು," ಎಂದು ಇಟ್ಟುಬಿಟ್ಟರು.

ಓದಕ್ಕ ನನ್ನ ಕುರ್ಚಿಯಲ್ಲಿ ಕೂತರು. ನಾನು ಕಿಟಕಿಯ ಕಟ್ಟೆಯ ಮೇಲೆ ಕೂತೆ. ಎದುರು ಕಟ್ಟಡದ ಹೆಂಗಸು ಬಟ್ಟೆ ತೆಗೆಯುತ್ತಿದ್ದಳು.

"ಹಳೇ ಡ್ರೈವರ್‌ಗೆ ವಾಪಸ್ ಹೋಗೋಕೆ ಒಂದು ಗುಂಡಿ ಇದೆ," ಎಂದರು ಓದಕ್ಕ.

"ಕಾದಂಬರಿ?"

"ವಾಪಸ್ ತಗೋತಾರೆ. ಅರ್ಧ ಹಾಗೆ, ಅರ್ಧ ಹೀಗೆ ಇದ್ರೆ ಒಪ್ಪಲ್ಲ."

"ಹುಚ್ಚಾ ನಿಮಗೆ? ಮೂರನೇ ಸಂಪುಟಕ್ಕೆ ಇಷ್ಟು ವರ್ಷ ಕಾದಿದ್ದೀರಿ. ನೀವು ಓದಿ ಓದಕ್ಕ. ಆ ಅಜ್ಜಿಗೆ ದಿನಾ ಸಾಯಂಕಾಲ ಫೋನ್ ಮಾಡಿ ನಾನೇ ಕೆಮ್ತೀನಿ."

"ನೋಡಿದ್ನಲ್ಲ, ಹೇಗೆ ಕೆಮ್ತೀರಿ ಅಂತ."

ಅವರು ಆಮೇಲೆ ಬಹಳ ಹೊತ್ತು ಕೂತಿದ್ದರು. ಕಾದಂಬರಿಯಲ್ಲಿ ಹಡಗಿನ ಕಪ್ತಾನನಿಗೆ ಮನೆಯಿಂದ ಪತ್ರ ಬರುವುದು ನಿಂತ ಜಾಗದಲ್ಲಿ ಓದು ನಿಂತಿದೆ ಎಂದರು. ಇಷ್ಟು ವರ್ಷ ಮೈಕಿನ ಆಚೆ ಯಾರಾದರೂ ಇದ್ದಾರೆಯೇ ಎಂದು ತಮಗೆ ತಿಳಿದೇ ಇರಲಿಲ್ಲ ಎಂದರು. ನಿಲ್ದಾಣದಲ್ಲಾದರೆ ಗಾಜಿನ ಹೊರಗೆ ಜನ ಕಾಣುತ್ತಿದ್ದರಂತೆ. ಇಲ್ಲಿ ಹೊದಿಕೆ ಮಾತ್ರ.

ಮರುದಿನ ಬೆಳಿಗ್ಗೆ ಕರೆದರು, ಹೋದೆ. ಪರದೆಯ ಮೇಲೆ ಆ ಗುಂಡಿ ಸಿದ್ಧವಾಗಿತ್ತು. ಓದಕ್ಕ ಒತ್ತಿದರು. ಯಂತ್ರ ಸುಮ್ಮನೆ ಒಪ್ಪುತ್ತದೆಯೇ? ಯಾಕೆ ಹಿಂದಕ್ಕೆ ಹೋಗುತ್ತಿ, ಕಾರಣ ಹೇಳು ಎಂದು ಕೂತಿತು. ಓದಕ್ಕ ಅದು ಕೊಟ್ಟ ಕಾರಣಗಳನ್ನೆಲ್ಲ ಬಸ್ ನಿಲ್ದಾಣದ ಧ್ವನಿಯಲ್ಲಿ ಓದಿದರು. "ಹೊಸದು ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅಲ್ಲ. ಹಳೆಯದು ಇದಕ್ಕಿಂತ ವೇಗವಾಗಿತ್ತು. ಅದೂ ಅಲ್ಲ. ಇತರೆ ಕಾರಣ, ವಿವರಿಸಿ."

"ಏನ್ ಬರೀತೀರಿ?"

ಓದಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಪರದೆಯ ಮೇಲೆ ಮೂಡಿತು: ಹೊಸದು ತುಂಬಾ ಚೆನ್ನಾಗಿದೆ.

ಯಂತ್ರಕ್ಕೆ ಇದು ಅರ್ಥವಾಯಿತೋ ಇಲ್ಲವೋ, ತಲೆದೂಗಿ ಒಪ್ಪಿಕೊಂಡಿತು. ಸತ್ತು ಹುಟ್ಟಿತು. ಹುಟ್ಟಿದ ಕೂಡಲೇ ಮೂಲೆಯಲ್ಲಿ ಆ ಪುಟ್ಟ ಚೌಕ ತಲೆ ಎತ್ತಿತು. ಹೊಸ ಡ್ರೈವರ್ ಬಂದಿದೆ, ಈಗ ಹಾಕಿಕೊಳ್ಳುತ್ತೀರಾ?

"ಬಂದ್ಯಾ ಮಾರಾಯ?" ಎಂದು ಓದಕ್ಕ ಅದಕ್ಕೆ ಹೇಳಿ, 'ಆಮೇಲೆ' ಒತ್ತಿದರು.

ಕತ್ತರಿ ಮೇಡಂ ಮೊದಲು ಬೇಸರ ಮಾಡಿಕೊಂಡರಂತೆ, ಆಮೇಲೆ ಸುಮ್ಮನಾದರಂತೆ. ಕಾದಂಬರಿ ಓದಿ ಹೇಳುವ ಬೇರೊಬ್ಬರಿಗೆ ಹೋಯಿತು. ಓದಕ್ಕನಿಗೆ ವಾರಪತ್ರಿಕೆ ಕೊಟ್ಟಿದ್ದಾರೆ. ಒಮ್ಮೆ ಕೇಳಿ ಬಿಡುವಂಥದ್ದು, ಸದ್ದಿನ ಕಟ್ಟುಪಾಡು ಅದಕ್ಕಿಲ್ಲ. ಅಜ್ಜಿಗೆ ಅದು ಮೊದಲು ಹೋಗುತ್ತದೆ. ಆ ಮೂರು ಸಂಪುಟಗಳನ್ನು ಕಾಗದದಲ್ಲಿ ಸುತ್ತಿ ವಾಪಸ್ ಕಳಿಸುವ ದಿನ ನಾನು ಅಲ್ಲಿದ್ದೆ. "ಕೊನೇ ಪುಟ ಒಂದು ನೋಡ್ಬಿಡಿ, ಹಡಗು ಏನಾಯ್ತು ಅಂತ," ಎಂದೆ. ಓದಕ್ಕ ಮೂರನೆಯ ಸಂಪುಟವನ್ನು ಕೈಯಲ್ಲಿ ಹಿಡಿದು, ತೂಕ ನೋಡುವವರಂತೆ ಸ್ವಲ್ಪ ಹೊತ್ತು ನಿಂತು, ತೆರೆಯದೆಯೇ ಉಳಿದೆರಡರ ಮೇಲಿಟ್ಟು ದಾರ ಬಿಗಿದರು. ಆ ಹಡಗು ಈಗಲೂ ನಡುನೀರಿನಲ್ಲೇ ಇದೆ.

ವಾರಪತ್ರಿಕೆಯ ಮೊದಲ ಸಂಚಿಕೆ ಓದುವ ದಿನ, ಶುರುಮಾಡುವ ಮೊದಲು ನಾನೇನಾದರೂ ಮಾಡಬೇಕೇ ಎಂದು ಕೇಳಿಕೊಂಡು ಹೋಗೋಣವೆಂದು ಕೆಳಗಿಳಿದೆ. ಓದಕ್ಕ ಒಲೆಯ ಮೇಲೆ ಕೆಟ್ಲು ಇಟ್ಟು, ಕೋಣೆಯ ಬಾಗಿಲನ್ನು ಬೇಕೆಂತಲೇ ತೆರೆದಿಟ್ಟು, ಮೈಕಿನ ಮುಂದೆ ಕೂರಲು ಹೊರಟಿದ್ದರು.

"ನೋಡಿ ಓದಕ್ಕ, ಮೊದಲೇ ಹೇಳ್ಬಿಡ್ತೀನಿ," ಎಂದೆ. "ಅಜ್ಜಿ ಏನೇ ಹೇಳ್ಲಿ, ಹುಟ್ಟಿನಿಂದ ನಾನು ಸದ್ದಿಲ್ಲದ ಮನುಷ್ಯ. ಬೇಕು ಅಂತ ಸದ್ದು ಮಾಡು ಅಂದ್ರೆ ನನ್ನ ಕೈಲಾಗಲ್ಲ."

ಓದಕ್ಕ ಹೆಡ್‌ಫೋನನ್ನು ಕುತ್ತಿಗೆಗೆ ಹಾಕಿಕೊಂಡು ನನ್ನನ್ನು ಬಾಗಿಲವರೆಗೆ ಕಳಿಸಿಕೊಟ್ಟರು.

"ಬೇಕು ಅಂತ ಏನೂ ಮಾಡ್ಬೇಡಿ ಬಾಯ್ಲರಣ್ಣ. ಮೇಲೆ ಹೋಗಿ, ಮೊದಲಿನ ಹಾಗೆ ಸದ್ದಿಲ್ಲದೆ ಇರಿ. ಅಷ್ಟು ಸದ್ದು ಸಾಕು."